ಮೆದುಳು, ಬೆನ್ನುಹುರಿಯ ಕಾಯಿಲೆಗಳಲ್ಲಿ ಅಕ್ವಾಪೋರಿನ್ ಕುಟುಂಬ: ನೀರಿನ ತೂಬಿನ ಮೇಲೆಯೇ ದಾಳಿ ನಡೆದಾಗ

ಹೇಮಾವತಿ ತೀರ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ಪದವಿ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಜೀವಕೋಶದ ಪೊರೆಯಲ್ಲಿ ನೀರಿಗೆ ದಾರಿಯಾಗುವ ಅಕ್ವಾಪೋರಿನ್ ಎಂಬ ಪ್ರೋಟೀನ್ ಕುಟುಂಬದ ಬಗ್ಗೆ ಹದಿನೈದು ವರ್ಷಗಳಿಂದ ತರಗತಿಯಲ್ಲಿ ಹೇಳುತ್ತಲೇ ಬಂದಿದ್ದೇನೆ. ಮೂತ್ರಪಿಂಡದ ಅಧ್ಯಾಯದಲ್ಲಿ ಅದಕ್ಕೆ ಒಂದು ಪುಟ ಮೀಸಲು. ಎರಡು ವರ್ಷಗಳ ಹಿಂದೆ ನನ್ನ ತಂಗಿಗೆ ಮೂರು ವಾರ ಬಿಡದೆ ಬಿಕ್ಕಳಿಕೆ ಮತ್ತು ವಾಂತಿ ಕಾಡಿದಾಗ, ಅವಳ ಸಂಕಟಕ್ಕೂ ನಾನು ಪಾಠ ಮಾಡುವ ಆ ಪುಟಕ್ಕೂ ಸಂಬಂಧವಿದ್ದೀತು ಎಂದು ನನಗೆ ಹೊಳೆಯಲೇ ಇಲ್ಲ.

ಎಂಡೋಸ್ಕೋಪಿಯಲ್ಲಿ ಏನೂ ಕಾಣಲಿಲ್ಲ. ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟರು, ಬಿಕ್ಕಳಿಕೆ ತಾನಾಗಿಯೇ ನಿಂತಿತು, ನಾವೂ ಮರೆತೆವು. ನಾಲ್ಕು ತಿಂಗಳ ಬಳಿಕ ಸೊಂಟದಿಂದ ಕೆಳಗೆ ಜೋಮು ಹಿಡಿಯಿತು, ಮೂತ್ರ ಕಟ್ಟಿತು, ಎರಡೇ ದಿನಗಳಲ್ಲಿ ಕಾಲುಗಳು ಸೋತವು. ಎಂ.ಆರ್.ಐ. ಚಿತ್ರದಲ್ಲಿ ಐದು ಕಶೇರುಗಳ ಉದ್ದಕ್ಕೂ ಬೆನ್ನುಹುರಿ ಊದಿಕೊಂಡಿತ್ತು. ಅಲ್ಲಿನ ವೈದ್ಯರು ಮಲ್ಟಿಪಲ್ ಸ್ಕ್ಲೆರೋಸಿಸ್ (ರೋಗನಿರೋಧಕ ವ್ಯವಸ್ಥೆಯೇ ನರತಂತುಗಳ ಮೈಲಿನ್ ಎಂಬ ಹೊದಿಕೆಯನ್ನು ಹಾಳುಮಾಡುವ ಕಾಯಿಲೆ) ಎಂದು ಹೇಳಿ ಇಂಟರ್‌ಫೆರಾನ್ ಬೀಟಾ ಚುಚ್ಚುಮದ್ದು ಆರಂಭಿಸಿದರು. ಚುಚ್ಚುಮದ್ದು ನಡೆಯುತ್ತಿರುವಾಗಲೇ ಬಲಗಣ್ಣಿನ ದೃಷ್ಟಿ ಹೋಯಿತು. ಆಮೇಲೆ ನಾವು ತೋರಿಸಿದ ಇನ್ನೊಬ್ಬ ನರರೋಗ ತಜ್ಞರು ಒಂದು ರಕ್ತಪರೀಕ್ಷೆ ಬರೆದರು. ವರದಿಯಲ್ಲಿ ಇದ್ದುದು ಒಂದೇ ಸಾಲು: ಅಕ್ವಾಪೋರಿನ್-4 ಪ್ರತಿಕಾಯ ಪಾಸಿಟಿವ್. ಅಂದರೆ ಅವಳ ರೋಗನಿರೋಧಕ ವ್ಯವಸ್ಥೆಯೇ ಆ ಪ್ರೋಟೀನಿನ ವಿರುದ್ಧ ಪ್ರತಿಕಾಯ ತಯಾರಿಸಿತ್ತು. ರೋಗದ ಹೆಸರು ನ್ಯೂರೋಮೈಲೈಟಿಸ್ ಆಪ್ಟಿಕಾ.

ನಾನು ಪಾಠ ಮಾಡುವ ಭಾಗವನ್ನು ಮೊದಲು ಹೇಳುತ್ತೇನೆ. ಜೀವಕೋಶದ ಪೊರೆ ಕೊಬ್ಬಿನದು. ಅದರ ಮೂಲಕ ನೀರು ನಿಧಾನವಾಗಿ ಜಿನುಗಬಲ್ಲದು, ಆದರೆ ಕೆಂಪು ರಕ್ತಕಣ ಮತ್ತು ಮೂತ್ರಪಿಂಡದಂಥ ಕಡೆ ನೀರು ಓಡಾಡುವ ವೇಗಕ್ಕೆ ಆ ಜಿನುಗುವಿಕೆ ಸಾಲದು. ಅಮೆರಿಕದ ಪೀಟರ್ ಆಗ್ರೆ 1988ರ ಸುಮಾರಿಗೆ ರಕ್ತಕಣದ ಆರ್‌ಎಚ್ ಪ್ರೋಟೀನನ್ನು ಹುಡುಕುತ್ತಿದ್ದಾಗ ಬೇರೊಂದು ಪ್ರೋಟೀನ್ ಅವರ ಕೈಗೆ ಸಿಕ್ಕಿತು. 1992ರಲ್ಲಿ ಅವರ ತಂಡ ಅದರ ಸಂದೇಶವಾಹಕ ಆರ್‌ಎನ್‌ಎಯನ್ನು ಕಪ್ಪೆಯ ಮೊಟ್ಟೆಯೊಳಗೆ ಸೇರಿಸಿ, ಮೊಟ್ಟೆಯನ್ನು ಉಪ್ಪಿನಂಶ ಕಡಿಮೆಯಿರುವ ನೀರಿಗೆ ಹಾಕಿತು. ಸಾಮಾನ್ಯ ಮೊಟ್ಟೆಗಳು ಹಾಗೆಯೇ ಉಳಿದವು. ಈ ಮೊಟ್ಟೆಗಳು ಊದಿ ಒಡೆದವು. ನೀರಿನ ದಾರಿ ಸಿಕ್ಕಿತ್ತು, ಅದೇ ಇಂದಿನ ಅಕ್ವಾಪೋರಿನ್-1. 2003ರಲ್ಲಿ ಆಗ್ರೆ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು.

ಮನುಷ್ಯರಲ್ಲಿ ಈ ಕುಟುಂಬಕ್ಕೆ 13 ಸದಸ್ಯರಿದ್ದಾರೆ, ಸೊನ್ನೆಯಿಂದ ಹನ್ನೆರಡರವರೆಗೆ ಸಂಖ್ಯೆ ಕೊಡಲಾಗಿದೆ. ನನ್ನ ವಿದ್ಯಾರ್ಥಿಗಳಿಗೆ ನಾನು ಕೆರೆಯ ತೂಬಿನ ಹೋಲಿಕೆ ಕೊಡುತ್ತೇನೆ. ತೂಬು ನೀರನ್ನು ಎಳೆಯುವುದೂ ಇಲ್ಲ, ತಳ್ಳುವುದೂ ಇಲ್ಲ. ಎರಡು ಕಡೆಯ ಮಟ್ಟದ ವ್ಯತ್ಯಾಸವೇ ನೀರನ್ನು ಸಾಗಿಸುತ್ತದೆ. ಕೋಶದಲ್ಲಿ ಆ ಮಟ್ಟವನ್ನು ನಿರ್ಧರಿಸುವುದು ಲವಣಗಳ ಸಾಂದ್ರತೆ. ಅಕ್ವಾಪೋರಿನ್-1ರ ಒಂದು ರಂಧ್ರದ ಮೂಲಕ ಸೆಕೆಂಡಿಗೆ ಸುಮಾರು 300 ಕೋಟಿ ನೀರಿನ ಅಣುಗಳು ಒಂದರ ಹಿಂದೆ ಒಂದರಂತೆ ಸಾಲಾಗಿ ಹಾದುಹೋಗುತ್ತವೆ, ಆದರೆ ಪ್ರೋಟಾನ್ ಮಾತ್ರ ನುಸುಳಲಾರದು.

ಮೆದುಳಿನಲ್ಲೂ ಬೆನ್ನುಹುರಿಯಲ್ಲೂ ಮುಖ್ಯವಾಗಿ ಇರುವುದು ಅಕ್ವಾಪೋರಿನ್-4. ಅದು ನರಕೋಶದಲ್ಲಿ ಅಲ್ಲ, ನರಕೋಶಗಳನ್ನು ಪೋಷಿಸುವ ನಕ್ಷತ್ರಾಕಾರದ ಆಸ್ಟ್ರೋಸೈಟ್ ಕೋಶಗಳಲ್ಲಿದೆ. ಅದರಲ್ಲೂ ಆ ಕೋಶಗಳು ರಕ್ತನಾಳಕ್ಕೆ ಒತ್ತಿಕೊಳ್ಳುವ ಪಾದಗಳಲ್ಲಿ ದಟ್ಟವಾಗಿದೆ. ಇಲ್ಲಿಯವರೆಗೆ ನನಗೆ ಗೊತ್ತು. ಇದೇ ಪ್ರೋಟೀನ್ ಮೂತ್ರಪಿಂಡ, ಜಠರ, ಶ್ವಾಸಕೋಶ, ಸ್ನಾಯುಗಳಲ್ಲೂ ಇರುವಾಗ ನನ್ನ ತಂಗಿಯ ಕಣ್ಣಿನ ನರ ಮತ್ತು ಬೆನ್ನುಹುರಿ ಮಾತ್ರ ಏಕೆ ಪೆಟ್ಟು ತಿಂದವು? ಇಂಟರ್‌ಫೆರಾನ್ ಅವಳಿಗೆ ಕೆಡುಕು ಮಾಡಿತೇ? ತಿಳಿದವರು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ನರರೋಗ ವೈದ್ಯೆ, ಶಿವಮೊಗ್ಗ

ಮೇಡಂ, ನಿಮ್ಮ ತಂಗಿಯವರ ಕಥೆಯನ್ನು ಓದಿ ಮನಸ್ಸಿಗೆ ಬಹಳ ನೋವಾಯಿತು. ದಿನಗಟ್ಟಲೆ ನಿಲ್ಲದ ಬಿಕ್ಕಳಿಕೆ, ಕಾರಣ ಕಾಣದ ವಾಂತಿ: ಇದು ಈ ರೋಗದ ಗೊತ್ತಿರುವ ಲಕ್ಷಣ. ಮೆದುಳಿನ ಕಾಂಡದ ಹಿಂಭಾಗದಲ್ಲಿ ವಾಂತಿಯನ್ನು ಪ್ರಚೋದಿಸುವ ಏರಿಯಾ ಪೋಸ್ಟ್ರೀಮಾ ಎಂಬ ಸಣ್ಣ ಜಾಗವಿದೆ. ರಕ್ತದಲ್ಲಿರುವ ವಿಷವನ್ನು ಗುರುತಿಸುವುದೇ ಅದರ ಕೆಲಸವಾದ್ದರಿಂದ, ಮೆದುಳಿನ ಬೇರೆಡೆ ರಕ್ತಕ್ಕೂ ನರ ಅಂಗಾಂಶಕ್ಕೂ ನಡುವೆ ಇರುವ ಬಿಗಿಯಾದ ತಡೆ ಅಲ್ಲಿಲ್ಲ. ಅಕ್ವಾಪೋರಿನ್-4 ಮಾತ್ರ ಹೇರಳವಾಗಿದೆ. ರಕ್ತದಲ್ಲಿ ತಿರುಗುತ್ತಿರುವ ಪ್ರತಿಕಾಯಕ್ಕೆ ಒಳನುಗ್ಗಲು ಅದಕ್ಕಿಂತ ಸುಲಭವಾದ ಜಾಗ ಇನ್ನೊಂದಿಲ್ಲ. ಇಂಥ ರೋಗಿಗಳು ಮೊದಲು ಹೋಗುವುದು ಹೊಟ್ಟೆಯ ವೈದ್ಯರ ಬಳಿಗೆ. ಆ ಹಂತದಲ್ಲೇ ಯಾರಾದರೂ ಸಂಶಯಪಟ್ಟಿದ್ದರೆ ಕಾಲು, ಕಣ್ಣುಗಳವರೆಗೆ ಹೋಗುತ್ತಿರಲಿಲ್ಲವೇನೋ ಎಂಬ ಕೊರಗು ನನಗೆ ಪ್ರತಿ ಸಲವೂ ಆಗುತ್ತದೆ.

ಸ್ವಲ್ಪ ಹಿನ್ನೆಲೆ ಹೇಳುತ್ತೇನೆ. ಫ್ರಾನ್ಸಿನ ಲಿಯಾನ್ ನಗರದ ಯೂಜೀನ್ ಡೆವಿಕ್ 1894ರಲ್ಲಿ ಕಣ್ಣಿನ ನರ ಮತ್ತು ಬೆನ್ನುಹುರಿ ಎರಡೂ ಉರಿಯೂತಕ್ಕೆ ತುತ್ತಾಗುವ ಈ ಸ್ಥಿತಿಯನ್ನು ವಿವರಿಸಿದರು. ಆಮೇಲೆ ಬಹುಕಾಲ ಇದನ್ನು ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಒಂದು ಉಗ್ರ ರೂಪವೆಂದೇ ಹಲವರು ನಂಬಿದ್ದರು. 2004ರಲ್ಲಿ ಮೇಯೋ ಕ್ಲಿನಿಕ್‌ನ ವಾಂಡಾ ಲೆನನ್ ಮತ್ತು ಸಂಗಡಿಗರು ಈ ರೋಗಿಗಳ ರಕ್ತದಲ್ಲಿ ಮಾತ್ರ ಕಾಣುವ ಒಂದು ಪ್ರತಿಕಾಯವನ್ನು ಗುರುತಿಸಿದರು. ಮರುವರ್ಷ, ಅದು ಅಂಟಿಕೊಳ್ಳುವುದು ಅಕ್ವಾಪೋರಿನ್-4ಕ್ಕೆ ಎಂದು ತೋರಿಸಿದರು. ನೂರಹನ್ನೊಂದು ವರ್ಷಗಳ ಗೊಂದಲ ಒಂದು ಪ್ರೋಟೀನಿನ ಹೆಸರಿನಿಂದ ಬಗೆಹರಿಯಿತು. ಕಾಯಿಲೆ ಮೈಲಿನ್ ಕವಚದ್ದಲ್ಲ, ಮೂಲತಃ ಆಸ್ಟ್ರೋಸೈಟ್‌ನದು. ಮೈಲಿನ್ ಕಳಚುವುದು ಆಮೇಲಿನ ಪರಿಣಾಮ.

ಇನ್ನು ನಿಮ್ಮ ಮೊದಲ ಪ್ರಶ್ನೆ. ಪ್ರತಿಕಾಯ ಅಂಟಿಕೊಂಡ ಮಾತ್ರಕ್ಕೆ ಕೋಶ ಸಾಯುವುದಿಲ್ಲ. ಅಂಟಿಕೊಂಡ ಪ್ರತಿಕಾಯಗಳು ರಕ್ತದಲ್ಲಿರುವ ಕಾಂಪ್ಲಿಮೆಂಟ್ ಎಂಬ ಪ್ರೋಟೀನ್‌ಗಳ ಸರಣಿಯನ್ನು ಎಬ್ಬಿಸುತ್ತವೆ, ಆ ಸರಣಿಯ ಕೊನೆಯಲ್ಲಿ ಕೋಶದ ಪೊರೆಗೆ ತೂತು ಬೀಳುತ್ತದೆ. ಸರಣಿಯ ಮೊದಲ ಕೊಂಡಿ ಸಿ1ಕ್ಯೂ. ಅದು ಗಟ್ಟಿಯಾಗಿ ಹಿಡಿದುಕೊಳ್ಳಲು ಹಲವು ಪ್ರತಿಕಾಯಗಳು ಒತ್ತೊತ್ತಾಗಿ ಕುಳಿತಿರಬೇಕು. ಅಕ್ವಾಪೋರಿನ್-4ಕ್ಕೆ ಉದ್ದದ್ದು ಮತ್ತು ಗಿಡ್ಡದ್ದು ಎಂದು ಎರಡು ಮುಖ್ಯ ರೂಪಗಳಿವೆ. ಎಂ23 ಎಂಬ ಗಿಡ್ಡ ರೂಪವು ಪೊರೆಯ ಮೇಲೆ ಚೌಕಳಿ ಹಾಸಿನಂತೆ ಸಾಲುಸಾಲಾಗಿ ಜೋಡಿಕೊಳ್ಳುತ್ತದೆ. ಪ್ರತಿಕಾಯಗಳು ಒತ್ತೊತ್ತಾಗಿ ಕೂರಲು ಆ ಹಾಸೇ ಆಸನ. ಮೂತ್ರಪಿಂಡ, ಜಠರ ಮುಂತಾದ ಕಡೆಗಳ ಕೋಶಗಳಲ್ಲಿ ಕಾಂಪ್ಲಿಮೆಂಟ್ ದಾಳಿಯನ್ನು ತಡೆಯುವ ಸಿಡಿ55, ಸಿಡಿ59 ಎಂಬ ರಕ್ಷಕ ಪ್ರೋಟೀನ್‌ಗಳು ಸಾಕಷ್ಟಿರುತ್ತವೆ. ಆಸ್ಟ್ರೋಸೈಟ್ ಪಾದಗಳಲ್ಲಿ ಆ ರಕ್ಷಣೆ ತೀರ ಕಡಿಮೆ. ಬೇರೆ ಅಂಗಗಳು ಪಾರಾಗುವುದಕ್ಕೆ ಇದು ಮುಖ್ಯ ವಿವರಣೆ.

ಎರಡನೆಯ ಪ್ರಶ್ನೆಗೆ ನೇರ ಉತ್ತರ: ಈ ರೋಗದಲ್ಲಿ ಇಂಟರ್‌ಫೆರಾನ್ ಬೀಟಾ ಕೊಡಬಾರದು. ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಒಳ್ಳೆಯದನ್ನೇ ಮಾಡುವ ಇಂಟರ್‌ಫೆರಾನ್, ನಟಾಲಿಝುಮಾಬ್, ಫಿಂಗೋಲಿಮಾಡ್ ಔಷಧಗಳು ಇಲ್ಲಿ ಗಾಯದ ಮೇಲೆ ಬರೆ ಎಳೆದಂತೆ ದಾಳಿಯನ್ನು ಹೆಚ್ಚಿಸಿದ ಉದಾಹರಣೆಗಳು ದಾಖಲಾಗಿವೆ. ನಿಮ್ಮ ತಂಗಿಯವರ ಕಣ್ಣಿನ ದಾಳಿಗೆ ಅದೊಂದೇ ಕಾರಣವೆಂದು ಹೇಳಲು ಬರುವುದಿಲ್ಲ, ಏಕೆಂದರೆ ಚಿಕಿತ್ಸೆಯೇ ಇಲ್ಲದಿದ್ದರೂ ಈ ರೋಗ ಮರುಕಳಿಸುತ್ತದೆ. ಆದರೆ ಮೂರು ಕಶೇರು ಅಥವಾ ಅದಕ್ಕೂ ಹೆಚ್ಚು ಉದ್ದದ ಊತ ಬೆನ್ನುಹುರಿಯಲ್ಲಿ ಕಂಡಾಗ ಅಕ್ವಾಪೋರಿನ್-4 ಪರೀಕ್ಷೆ ಮಾಡಿಸದೆ ಮಲ್ಟಿಪಲ್ ಸ್ಕ್ಲೆರೋಸಿಸ್ ಔಷಧ ಆರಂಭಿಸಬಾರದು ಎಂಬುದನ್ನು ನಾನು ನನ್ನ ಕಿರಿಯ ವೈದ್ಯರಿಗೆ ಪದೇ ಪದೇ ಹೇಳುತ್ತೇನೆ.

ತೃತೀಯ ವರ್ಷದ ವಿದ್ಯಾರ್ಥಿ

ನನ್ನದು ಸ್ವಲ್ಪ ಬೇರೆ ಪ್ರಶ್ನೆ. ತಲೆಗೆ ಪೆಟ್ಟಾದವರು, ಲಕ್ವ ಹೊಡೆದವರು ಮೆದುಳಿನ ಊತದಿಂದಲೇ ಸಾಯುವುದುಂಟು ಎಂದು ಓದಿದ್ದೇನೆ. ಊತವೆಂದರೆ ನೀರು ಸೇರುವುದು. ನೀರಿಗೆ ದಾರಿ ಅಕ್ವಾಪೋರಿನ್-4. ಹಾಗಿದ್ದರೆ ಆ ತೂಬನ್ನು ಮುಚ್ಚುವ ಔಷಧವನ್ನು ಕೊಟ್ಟುಬಿಟ್ಟರೆ ಸಾಕಲ್ಲವೇ?

ಕೋಶಜೀವಶಾಸ್ತ್ರ ಸಂಶೋಧಕ

ಈ ಕ್ಷೇತ್ರದವರೆಲ್ಲ ಮೊದಲು ಕೇಳಿಕೊಂಡ ಪ್ರಶ್ನೆಯೂ ಇದೇ. 2000ನೇ ಇಸವಿಯಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಅಕ್ವಾಪೋರಿನ್-4 ಇಲ್ಲದಂತೆ ಬೆಳೆಸಿದ ಇಲಿಗಳಿಗೆ ಅತಿಯಾಗಿ ನೀರು ಸೇರಿಸಿದಾಗ ಸಾಮಾನ್ಯ ಇಲಿಗಳಿಗಿಂತ ಹೆಚ್ಚಿನವು ಬದುಕಿ ಉಳಿದವು. ರಕ್ತನಾಳ ಕಟ್ಟಿಸಿ ಲಕ್ವ ಬರಿಸಿದಾಗ ಮೆದುಳಿನ ಊತವೂ ಗಣನೀಯವಾಗಿ ಕಡಿಮೆಯಿತ್ತು. ಎಲ್ಲರೂ ಮುಚ್ಚುವ ಔಷಧ ಹುಡುಕಲು ಹೊರಟರು. ನಾಲ್ಕು ವರ್ಷಗಳಲ್ಲೇ ಇನ್ನೊಂದು ಮುಖ ಗೋಚರಿಸಿತು. ಮೆದುಳಿನ ಗೆಡ್ಡೆ, ಶೀತದಿಂದಾದ ಗಾಯ, ಮೆದುಳಿನೊಳಕ್ಕೆ ನೇರವಾಗಿ ದ್ರವ ಹರಿಸುವುದು: ಈ ಮಾದರಿಗಳಲ್ಲಿ ಅದೇ ತೂಬಿಲ್ಲದ ಇಲಿಗಳ ಸ್ಥಿತಿ ಹೆಚ್ಚು ಕೆಟ್ಟಿತು.

ಮೇಡಂ ಕೊಟ್ಟ ಕೆರೆಯ ಹೋಲಿಕೆಯನ್ನೇ ಮುಂದುವರಿಸುತ್ತೇನೆ. ಲಕ್ವದ ಮೊದಲ ಗಂಟೆಗಳಲ್ಲಿ ರಕ್ತನಾಳದ ಗೋಡೆ ಇನ್ನೂ ಗಟ್ಟಿಯಿರುತ್ತದೆ. ಶಕ್ತಿ ಸಿಗದ ಆಸ್ಟ್ರೋಸೈಟ್‌ಗಳು ಲವಣಗಳನ್ನು ಹೊರಹಾಕಲಾರದೆ ಒಳಗೇ ಇಟ್ಟುಕೊಳ್ಳುತ್ತವೆ, ನೀರು ತೂಬಿನ ಮೂಲಕ ಕೋಶದೊಳಕ್ಕೆ ಇಳಿಯುತ್ತದೆ. ಆಗ ತೂಬು ಮುಚ್ಚಿದರೆ ಲಾಭವಿದೆ. ಗೆಡ್ಡೆಯಂಥ ಸಂದರ್ಭದಲ್ಲಿ ರಕ್ತನಾಳದ ಗೋಡೆಯೇ ಸೋರುತ್ತದೆ, ಅಂದರೆ ಕೆರೆಯ ಏರಿಯೇ ಒಡೆದಿದೆ. ನೀರು ಕೋಶಗಳ ನಡುವಣ ಜಾಗವನ್ನೆಲ್ಲ ತುಂಬಿಕೊಂಡಿದೆ. ಆ ನೀರು ರಕ್ತಕ್ಕೂ ಮೆದುಳು ದ್ರವಕ್ಕೂ ಮರಳಿ ಬಸಿದುಹೋಗಬೇಕಾದುದೂ ಇದೇ ತೂಬಿನ ಮೂಲಕ. ಈಗ ಅದನ್ನು ಮುಚ್ಚಿದರೆ ಮುಳುಗಿದ ಗದ್ದೆಯ ಬಸಿಗಾಲುವೆಗೆ ಮಣ್ಣು ಹಾಕಿದಂತಾಗುತ್ತದೆ. ಒಬ್ಬನೇ ರೋಗಿಯಲ್ಲಿ ಈ ಎರಡೂ ಬಗೆಯ ಊತ ಒಂದರ ಬೆನ್ನಿಗೆ ಇನ್ನೊಂದು ಬರುತ್ತವೆ ಎಂಬುದೇ ನಿಜವಾದ ತೊಡಕು. ಬೆನ್ನುಹುರಿಯಲ್ಲೂ ಇದೇ ಇಬ್ಬಂದಿ: ಒತ್ತಡದಿಂದ ಗಾಯಗೊಳಿಸಿದ ಪ್ರಯೋಗದಲ್ಲಿ ಅಕ್ವಾಪೋರಿನ್-4 ಇಲ್ಲದ ಇಲಿಗಳು ಚೆನ್ನಾಗಿ ಚೇತರಿಸಿಕೊಂಡವು, ಬೇರೆ ತಂಡವೊಂದು ಜಜ್ಜುಗಾಯದ ಮಾದರಿ ಬಳಸಿದಾಗ ಅಂಥವೇ ಇಲಿಗಳು ಹೆಚ್ಚು ನರಳಿದವು.

ತೂಬಿನ ಬಾಯಿ ಮುಚ್ಚುವುದಕ್ಕಿಂತ ತೂಬುಗಳ ಸಂಖ್ಯೆಯನ್ನು ನಿಯಂತ್ರಿಸುವ ದಾರಿ ನನಗೆ ಹೆಚ್ಚು ಆಶಾದಾಯಕವಾಗಿ ಕಾಣುತ್ತದೆ. ಕೋಶವು ಎಲ್ಲ ಅಕ್ವಾಪೋರಿನ್‌ಗಳನ್ನೂ ಸದಾ ಹೊರಪೊರೆಯಲ್ಲಿ ಇಟ್ಟಿರುವುದಿಲ್ಲ. ಪೆಟ್ಟು ಬಿದ್ದಾಗ ಒಳಗಿನ ದಾಸ್ತಾನಿನಿಂದ ಇನ್ನಷ್ಟನ್ನು ಪೊರೆಗೆ ಸಾಗಿಸುತ್ತದೆ. ಈ ಸಾಗಣೆಗೆ ಕ್ಯಾಲ್ಮಾಡ್ಯುಲಿನ್ ಎಂಬ ಪ್ರೋಟೀನಿನ ನೆರವು ಬೇಕು. ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ನಗರದ ವಿಜ್ಞಾನಿಗಳನ್ನು ಒಳಗೊಂಡ ತಂಡವೊಂದು, ಮನೋರೋಗಕ್ಕೆ ದಶಕಗಳಿಂದ ಬಳಕೆಯಲ್ಲಿರುವ ಟ್ರೈಫ್ಲುಪೆರಜೀನ್ ಔಷಧ ಕ್ಯಾಲ್ಮಾಡ್ಯುಲಿನ್ನನ್ನು ತಡೆಯುತ್ತದೆ ಎಂಬ ತಿಳಿವಳಿಕೆಯನ್ನು ಇಲ್ಲಿಗೆ ಅನ್ವಯಿಸಿತು. 2020ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಬೆನ್ನುಹುರಿಗೆ ಗಾಯವಾದ ಹೆಗ್ಗಣಗಳಿಗೆ ಅದನ್ನು ಕೊಟ್ಟಾಗ ಊತ ತಗ್ಗಿತು, ಸಂವೇದನೆ ಮತ್ತು ಚಲನೆ ಬೇಗನೆ ಮರಳಿದವು. ಇದು ಪ್ರಾಣಿಗಳಲ್ಲಿ ಕಂಡ ಫಲಿತಾಂಶ. ಮನೆಯಲ್ಲಿ ಯಾರಿಗಾದರೂ ಪೆಟ್ಟಾಗಿದೆಯೆಂದು ಆ ಮಾತ್ರೆಯನ್ನು ಹುಡುಕಿಕೊಂಡು ಹೋಗಬಾರದೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಕರಾವಳಿಯ ಓದುಗ

ನನ್ನ ಪತ್ನಿಗೆ ಇದೇ ಕಾಯಿಲೆ ಇದ್ದು ಆರು ವರ್ಷಗಳಾದವು. ಪರೀಕ್ಷೆಯ ಬಗ್ಗೆ ಎರಡು ಮಾತು ಸೇರಿಸಬೇಕೆನಿಸಿತು. ಅವಳ ಮೊದಲ ವರದಿ ನೆಗೆಟಿವ್ ಬಂದಿತ್ತು. ಆ ಪ್ರಯೋಗಾಲಯದಲ್ಲಿ ಹಳೆಯ ಎಲೈಸಾ ವಿಧಾನ ಬಳಸಿದ್ದರು ಎಂದು ಆಮೇಲೆ ಗೊತ್ತಾಯಿತು. ಎರಡನೆಯ ಬಾರಿ ಕೋಶಾಧಾರಿತ ಪರೀಕ್ಷೆ, ಅಂದರೆ ಅಕ್ವಾಪೋರಿನ್-4 ಇರುವ ಜೀವಕೋಶಗಳ ಮೇಲೆ ರೋಗಿಯ ರಕ್ತಸಾರವನ್ನು ಹಾಕಿ ನೋಡುವ ವಿಧಾನ, ಸ್ಪಷ್ಟವಾಗಿ ಪಾಸಿಟಿವ್ ತೋರಿಸಿತು. ನಮ್ಮ ಮಂಗಳೂರಿನಲ್ಲೇ, ನಿಟ್ಟೆ ವಿಶ್ವವಿದ್ಯಾಲಯದ ಕೆ.ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯಲ್ಲಿ ಡಾ. ಲೇಖಾ ಪಂಡಿತ್ ಅವರ ತಂಡ ಇಂಥ ಪರೀಕ್ಷೆಯನ್ನು ತಾವೇ ರೂಪಿಸಿಕೊಂಡು, ಮೈಲಿನ್ ಕಳಚುವ ಕಾಯಿಲೆಗಳ ರೋಗಿಗಳ ನೋಂದಣಿಯನ್ನು ನಡೆಸಿಕೊಂಡು ಬಂದಿದೆ. ಇಷ್ಟು ಹತ್ತಿರದಲ್ಲಿ ಅಂಥ ಕೆಲಸ ನಡೆಯುತ್ತಿದೆ ಎಂಬುದು ನಮಗೆ ಕಾಯಿಲೆ ಬರುವವರೆಗೆ ತಿಳಿದಿರಲಿಲ್ಲ.

ವೈದ್ಯರಲ್ಲಿ ಒಂದು ಪ್ರಶ್ನೆ. ಹೊಸ ಔಷಧಗಳು ಬಂದಿವೆ ಎನ್ನುತ್ತಾರೆ. ಅವು ಈ ಪ್ರೋಟೀನನ್ನು ಸರಿಪಡಿಸುತ್ತವೆಯೇ?

ನರರೋಗ ವೈದ್ಯೆ, ಶಿವಮೊಗ್ಗ

ಸರ್, ಪ್ರೋಟೀನ್ ಕೆಟ್ಟಿಲ್ಲ. ಅದನ್ನು ಪರಕೀಯವೆಂದು ತಪ್ಪು ತಿಳಿದಿರುವ ರೋಗನಿರೋಧಕ ವ್ಯವಸ್ಥೆ ಕೆಟ್ಟಿದೆ. ಆದ್ದರಿಂದ ಎಲ್ಲ ಔಷಧಗಳೂ ದಾಳಿಯ ಸರಣಿಯನ್ನು ಒಂದಲ್ಲ ಒಂದು ಕಡೆ ಕಡಿಯುತ್ತವೆ. ಎಕ್ಯುಲಿಝುಮಾಬ್ ಕಾಂಪ್ಲಿಮೆಂಟ್ ಸರಣಿಯ ಕೊನೆಯ ಭಾಗವನ್ನು ತಡೆಯುತ್ತದೆ. 2019ರಲ್ಲಿ ಪ್ರಕಟವಾದ ಅದರ ಪ್ರಯೋಗದಲ್ಲಿ ಔಷಧ ಪಡೆದ 96 ಮಂದಿಯಲ್ಲಿ 3 ಮಂದಿಗೆ ಮಾತ್ರ ರೋಗ ಮರುಕಳಿಸಿತು, ಔಷಧವಿಲ್ಲದ ದ್ರಾವಣ ಪಡೆದ 47 ಮಂದಿಯಲ್ಲಿ 20 ಮಂದಿಗೆ ಮರುಕಳಿಸಿತು. ಪ್ರತಿಕಾಯ ಹಾನಿ ಮಾಡುವುದು ಕಾಂಪ್ಲಿಮೆಂಟ್ ಮೂಲಕ ಎಂಬುದಕ್ಕೆ ಮನುಷ್ಯರಲ್ಲೇ ಸಿಕ್ಕ ಇದಕ್ಕಿಂತ ಬಲವಾದ ಸಾಕ್ಷಿ ನನಗೆ ಗೊತ್ತಿಲ್ಲ. ಆದರೆ ಕಾಂಪ್ಲಿಮೆಂಟ್ ತಡೆದಾಗ ಮೆದುಳಿನ ಹೊದಿಕೆಗೆ ಉರಿಯೂತ ತರುವ ಮೆನಿಂಜೋಕಾಕಸ್ ಬ್ಯಾಕ್ಟೀರಿಯಾದ ಸೋಂಕಿನ ಅಪಾಯ ಹೆಚ್ಚುವುದರಿಂದ ಮೊದಲೇ ಲಸಿಕೆ ಹಾಕಿಸಬೇಕು. ಇನೆಬಿಲಿಝುಮಾಬ್ ಪ್ರತಿಕಾಯ ತಯಾರಿಸುವ ಬಿ ಕೋಶಗಳ ವಂಶವನ್ನು ಗುರಿಯಾಗಿಸುತ್ತದೆ, ಸ್ಯಾಟ್ರಲಿಝುಮಾಬ್ ಉರಿಯೂತವನ್ನು ಹೆಚ್ಚಿಸುವ ಇಂಟರ್‌ಲ್ಯೂಕಿನ್-6ರ ಸಂಕೇತವನ್ನು ತಡೆಯುತ್ತದೆ. ಇವೆರಡಕ್ಕೂ ಅಮೆರಿಕದಲ್ಲಿ 2020ರಲ್ಲಿ ಅನುಮತಿ ದೊರೆಯಿತು.

ಇವುಗಳ ಬೆಲೆ ನಮ್ಮ ಹೆಚ್ಚಿನ ಕುಟುಂಬಗಳ ಕೈಗೆಟುಕುವಂಥದ್ದಲ್ಲ. ಹಾಗೆಂದು ಕೈಚೆಲ್ಲಬೇಕಾಗಿಲ್ಲ. ರಿಟುಕ್ಸಿಮಾಬ್, ಮೈಕೋಫೆನೊಲೇಟ್, ಅಜಥಯೋಪ್ರಿನ್ ಔಷಧಗಳಿಂದ ವರ್ಷಗಟ್ಟಲೆ ದಾಳಿಯಿಲ್ಲದೆ ಇರುವ ರೋಗಿಗಳನ್ನು ನಾನು ನೋಡುತ್ತಿದ್ದೇನೆ. ರಿಟುಕ್ಸಿಮಾಬ್‌ಗೆ ಮೊದಲು ಹೆಪಟೈಟಿಸ್ ಬಿ ಮತ್ತು ಕ್ಷಯದ ತಪಾಸಣೆ ಆಗಿರಬೇಕು. ಈ ರೋಗದಲ್ಲಿ ಅಂಗವೈಕಲ್ಯ ಹೆಚ್ಚುವುದು ಒಂದೊಂದು ದಾಳಿಯಿಂದಲೇ, ದಾಳಿಗಳ ನಡುವೆ ಸದ್ದಿಲ್ಲದೆ ಬೆಳೆಯುವುದು ಅಪರೂಪ. ಆದ್ದರಿಂದ ಮುಂದಿನ ದಾಳಿ ತಪ್ಪಿದರೆ ಈಗಿರುವ ಶಕ್ತಿ ಬಹುಮಟ್ಟಿಗೆ ಉಳಿಯುತ್ತದೆ. ಹೆರಿಗೆಯ ನಂತರದ ತಿಂಗಳುಗಳಲ್ಲಿ ಮರುಕಳಿಸುವ ಸಂಭವ ಹೆಚ್ಚು. ಅಕ್ವಾಪೋರಿನ್-4 ಪ್ರತಿಕಾಯ ಇರುವವರಲ್ಲಿ ಪುರುಷರಿಗಿಂತ ಮಹಿಳೆಯರು ಹಲವು ಪಟ್ಟು ಹೆಚ್ಚಾಗಿರುವುದರಿಂದ ಮದುವೆಯಾದ ಹೆಣ್ಣುಮಕ್ಕಳಿಗೆ ಇದನ್ನು ಮುಂಚಿತವಾಗಿಯೇ ತಿಳಿಸುತ್ತೇನೆ.

ಹೇಮಾವತಿ ತೀರ

ಇಬ್ಬರಿಗೂ ಕೃತಜ್ಞತೆಗಳು. ಓದುತ್ತ ಹೋದಂತೆ ಅಕ್ವಾಪೋರಿನ್-4ರ ಹೆಸರು ಆಲ್ಝೈಮರ್ ಕಾಯಿಲೆಯ ಜೊತೆಗೂ ಬರುತ್ತಿದೆ. ನಿದ್ರೆಯಲ್ಲಿ ಮೆದುಳು ತನ್ನ ಕಸವನ್ನು ಇದರ ಮೂಲಕವೇ ತೊಳೆದುಕೊಳ್ಳುತ್ತದೆ ಎಂಬುದನ್ನು ಸಿದ್ಧಾಂತವೆಂದು ಪಾಠ ಮಾಡಬಹುದೇ?

ಕೋಶಜೀವಶಾಸ್ತ್ರ ಸಂಶೋಧಕ

ಚರ್ಚೆಯಲ್ಲಿರುವ ವಿಚಾರವೆಂದು ಪಾಠ ಮಾಡಿ ಮೇಡಂ, ಮುಗಿದ ವಿಚಾರವೆಂದು ಬೇಡ. 2012ರಲ್ಲಿ ಮೈಕೆನ್ ನೆಡರ್‌ಗಾರ್ಡ್ ಅವರ ತಂಡ, ಮೆದುಳು ದ್ರವವು ರಕ್ತನಾಳಗಳ ಸುತ್ತಲಿನ ಜಾಗದಿಂದ ಅಂಗಾಂಶದೊಳಕ್ಕೆ ಹರಿದು ಅಮಿಲಾಯ್ಡ್‌ನಂಥ ತ್ಯಾಜ್ಯವನ್ನು ಒಯ್ಯುತ್ತದೆ, ಈ ಹರಿವಿಗೆ ಆಸ್ಟ್ರೋಸೈಟ್ ಪಾದಗಳ ಅಕ್ವಾಪೋರಿನ್-4 ಬೇಕು ಎಂದು ಪ್ರತಿಪಾದಿಸಿ ಅದಕ್ಕೆ ಗ್ಲಿಂಫಾಟಿಕ್ ವ್ಯವಸ್ಥೆ ಎಂದು ಹೆಸರಿಟ್ಟಿತು. 2017ರಲ್ಲಿ ಇನ್ನೊಂದು ತಂಡ ಈ ಪ್ರೋಟೀನ್ ಇಲ್ಲದ ಪ್ರಾಣಿಗಳಲ್ಲೂ ಹರಿವು ಕುಂದಲಿಲ್ಲ ಎಂದಿತು. ಮರುವರ್ಷ ಹಲವು ಪ್ರಯೋಗಾಲಯಗಳು ಒಟ್ಟಾಗಿ ಕುಂದುತ್ತದೆ ಎಂದು ವರದಿ ಮಾಡಿದವು. ನಿದ್ರೆಯಲ್ಲಿ ತೊಳೆಯುವಿಕೆ ಹೆಚ್ಚುತ್ತದೆ ಎಂಬ 2013ರ ಹೇಳಿಕೆಗೆ ಎದುರಾಗಿ, ಇಲಿಗಳಲ್ಲಿ ಅದು ಕಡಿಮೆಯಾಗುತ್ತದೆ ಎಂಬ ಅಧ್ಯಯನ 2024ರಲ್ಲಿ ಬಂದಿದೆ. ನನಗೆ ಹೆಚ್ಚು ತೂಕದ್ದೆನಿಸುವುದು ಇನ್ನೊಂದು ಸಂಗತಿ. ಮರಣಾನಂತರ ಪರೀಕ್ಷಿಸಿದ ಆಲ್ಝೈಮರ್ ರೋಗಿಗಳ ಮೆದುಳಿನಲ್ಲಿ ಅಕ್ವಾಪೋರಿನ್-4 ರಕ್ತನಾಳದ ಬಳಿಯ ತನ್ನ ನೆಲೆಯನ್ನು ಬಿಟ್ಟು ಕೋಶದ ಉಳಿದ ಭಾಗಗಳಿಗೆ ಹರಡಿಕೊಂಡಿರುವುದು ಕಂಡಿದೆ. ತೂಬುಗಳ ಲೆಕ್ಕ ಸರಿಯಿದ್ದರೂ ಅವು ಏರಿಯಲ್ಲಿ ಇರಬೇಕಾದ ಕಡೆ ಇಲ್ಲದಂತಾಗಿದೆ. ಅದು ರೋಗದ ಕಾರಣವೋ ಪರಿಣಾಮವೋ ಎಂಬುದನ್ನು ಸತ್ತ ಅಂಗಾಂಶ ಹೇಳಲಾರದು.

ಮಲೆನಾಡಿನ ದಾದಿ

ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಇಂಥ ರೋಗಿ ಕಾಲು ಸೋತು ಬಂದಾಗ ಪರೀಕ್ಷೆಯ ವರದಿ ಬರಲು ದಿನಗಳು ಬೇಕು. ಅಲ್ಲಿಯವರೆಗೆ ಕಾಯುವುದೇ?

ನರರೋಗ ವೈದ್ಯೆ, ಶಿವಮೊಗ್ಗ

ಸಿಸ್ಟರ್, ಕಾಯಬಾರದು. ಸೋಂಕು ಮತ್ತು ಬೆನ್ನುಹುರಿಯ ಮೇಲಿನ ಒತ್ತಡ ಇಲ್ಲವೆಂದು ಎಂ.ಆರ್.ಐ. ಮುಂತಾದವುಗಳಿಂದ ಖಚಿತಪಡಿಸಿಕೊಂಡು, ಮೀಥೈಲ್‌ಪ್ರೆಡ್ನಿಸೊಲೋನ್ ದಿನಕ್ಕೆ 1 ಗ್ರಾಮಿನಂತೆ ಮೂರರಿಂದ ಐದು ದಿನ ಅಭಿಧಮನಿಯ ಮೂಲಕ ಕೊಡುತ್ತೇವೆ. ದಾಳಿ ತೀವ್ರವಾಗಿದ್ದರೆ ಅಥವಾ ಸ್ಟೀರಾಯ್ಡ್‌ಗೆ ಬಗ್ಗದಿದ್ದರೆ ಪ್ಲಾಸ್ಮಾ ಬದಲಾವಣೆ, ಅಂದರೆ ರಕ್ತದ ದ್ರವಭಾಗವನ್ನು ತೆಗೆದು ಬದಲಿ ದ್ರವ ಸೇರಿಸುವುದನ್ನು, ಮಾಡುತ್ತೇವೆ. ಅದನ್ನು ಎಷ್ಟು ಬೇಗ ಆರಂಭಿಸಿದರೆ ಅಷ್ಟು ಫಲ. ನಿಮ್ಮಿಂದ ಆಗಬೇಕಾದ ಮುಖ್ಯ ಕೆಲಸವೊಂದಿದೆ. ಪ್ಲಾಸ್ಮಾ ಬದಲಾಯಿಸಿದರೆ ರಕ್ತದಲ್ಲಿನ ಪ್ರತಿಕಾಯವೂ ಹೊರಗೆ ಹೋಗುತ್ತದೆ, ಆಮೇಲೆ ತೆಗೆದ ರಕ್ತದಲ್ಲಿ ಪರೀಕ್ಷೆ ಸುಳ್ಳು ನೆಗೆಟಿವ್ ಬರಬಹುದು. ಆದ್ದರಿಂದ ಚಿಕಿತ್ಸೆಗೆ ಮೊದಲೇ ಒಂದು ಸೀಸೆ ರಕ್ತ ತೆಗೆದು, ರಕ್ತಸಾರ ಬೇರ್ಪಡಿಸಿ, ದಿನಾಂಕ ಮತ್ತು ವೇಳೆ ಬರೆದು ಶೀತಕದಲ್ಲಿ ಇಡಿಸಿ. ಬೆನ್ನಿನಿಂದ ತೆಗೆದ ದ್ರವಕ್ಕಿಂತ ರಕ್ತಸಾರದಲ್ಲೇ ಈ ಪ್ರತಿಕಾಯ ಹೆಚ್ಚು ನಂಬಿಕೆಯಿಂದ ಸಿಗುತ್ತದೆ.

ಹೇಮಾವತಿ ತೀರ

ತಂಗಿಗೆ ರಿಟುಕ್ಸಿಮಾಬ್ ಶುರುವಾಗಿ ಹದಿನಾಲ್ಕು ತಿಂಗಳಾಯಿತು, ಹೊಸ ದಾಳಿ ಆಗಿಲ್ಲ. ಊರುಗೋಲು ಹಿಡಿದು ಅಂಗಳದವರೆಗೆ ನಡೆಯುತ್ತಾಳೆ. ಬಲಗಣ್ಣಿಗೆ ಬೆಳಕು ಮತ್ತು ನೆರಳು ಮಾತ್ರ ತಿಳಿಯುತ್ತದೆ. ಮುಂದಿನ ವಾರ ಮೂತ್ರಪಿಂಡದ ಅಧ್ಯಾಯ ಬರಲಿದೆ. ಅಕ್ವಾಪೋರಿನ್-2 ಮುಗಿಸಿದ ಮೇಲೆ ಈ ಸಲ ಇನ್ನೊಂದು ಪೂರ್ತಿ ತರಗತಿ ತೆಗೆದುಕೊಂಡು, ಮೂರು ವಾರದ ಬಿಕ್ಕಳಿಕೆಯಿಂದಲೇ ಪಾಠ ಆರಂಭಿಸುತ್ತೇನೆ.